ಟಿಎಂಸಿ, ಎಚ್‌ಪಿ, ಗುಂಟೆ, ಜೂಲ್: ಏಕಮಾನ ಬದಲಿಸುವಾಗ ಲೆಕ್ಕ ಕೈಕೊಡದಿರಲು

"ಸೂತ್ರ ಸರಿ ಇದೆ, ಆದರೂ ಉತ್ತರ 9.8 ಪಟ್ಟು ಹೆಚ್ಚು ಬಂತು, ಯಾಕೆ?" "ಕಾಲುವೆಗೆ ಇಷ್ಟು ಕ್ಯೂಸೆಕ್ ಬಿಟ್ಟರೆ ತಿಂಗಳಿಗೆ ಎಷ್ಟು ಟಿಎಂಸಿ ಖಾಲಿಯಾಗುತ್ತದೆ?" "ಮೋಟರ್ ತಗಡಿನ ಮೇಲೆ 3.7 ಕಿಲೋವಾಟ್ ಅಂತಿದೆ, ಅಂಗಡಿಯವರು 5 ಎಚ್‌ಪಿ ಅಂತಾರೆ, ಯಾವುದು ಖರೆ?" ಮೊದಲನೆಯದು ಪಿಯುಸಿ ಓದುವವರ ಪ್ರಶ್ನೆ, ಎರಡನೆಯದು ಎಡದಂಡೆ ಕಾಲುವೆಯ ಕೊನೇ ಭಾಗದ ರೈತರದು, ಮೂರನೆಯದು ಬೋರ್‌ವೆಲ್ ಕೊರೆಸಿದವರದು. ಕೇಳುವವರು ಬೇರೆ ಬೇರೆಯಾದರೂ ಸಿಕ್ಕಿಕೊಂಡಿರುವುದು ಒಂದೇ ಕಡೆ. ಅಂಕಿಯನ್ನು ಮಾತ್ರ ಲೆಕ್ಕಕ್ಕೆ ತಂದು, ಅದರ ಪಕ್ಕದ ಏಕಮಾನವನ್ನು ಹೊರಗೆ ನಿಲ್ಲಿಸಿರುತ್ತಾರೆ.

ಏಕಮಾನವೂ ಅಂಕಿಯ ಹಾಗೆ ಗುಣಾಕಾರ, ಭಾಗಾಕಾರಕ್ಕೆ ಸಿಗುವ ವಸ್ತು. ಅದನ್ನು ಪ್ರತಿ ಸಾಲಿನಲ್ಲೂ ಬರೆದರೆ ಮುಕ್ಕಾಲು ಪಾಲು ತಪ್ಪು ತಾನೇ ಕಾಣಿಸುತ್ತದೆ. ಉಳಿದ ಕಾಲು ಪಾಲಿಗೆ ಕೆಳಗಿನ ಹಂತಗಳು.

ಕೈಯಲ್ಲಿ ಇರಬೇಕಾದ್ದು

ಪುಸ್ತಕದ ಕೊನೆ ಪುಟದಲ್ಲಿ ಇಷ್ಟನ್ನು ಬರೆದಿಟ್ಟುಕೊಳ್ಳಿ:

1 ಇಂಚು = 25.4 ಮಿಲಿಮೀಟರ್ (ಕರಾರುವಾಕ್ಕು)
1 ಅಡಿ = 0.3048 ಮೀಟರ್ (ಕರಾರುವಾಕ್ಕು)
1 ಘನ ಅಡಿ = 28.3168 ಲೀಟರ್
1 ಎಕರೆ = 40 ಗುಂಟೆ = 4,046.86 ಚದರ ಮೀಟರ್
1 ಗುಂಟೆ = 33 ಅಡಿ × 33 ಅಡಿ = 1,089 ಚದರ ಅಡಿ
1 ಪೌಂಡ್ = 0.45359237 ಕೆ.ಜಿ. (ಕರಾರುವಾಕ್ಕು)
1 ಕೆ.ಜಿ. ತೂಕದ ಬಲ = 9.80665 ನ್ಯೂಟನ್ (ಕರಾರುವಾಕ್ಕು)
1 ಎಚ್‌ಪಿ = 745.7 ವಾಟ್
1 ಯೂನಿಟ್ ಕರೆಂಟು = 1 ಕಿಲೋವಾಟ್-ಗಂಟೆ = 36 ಲಕ್ಷ ಜೂಲ್

ಒಂದು ಎಚ್ಚರಿಕೆ. ಘನ ಅಡಿಗೆ 28.3168 ಲೀಟರ್, ಸಾಧಾರಣ ಔನ್ಸಿಗೆ 28.3495 ಗ್ರಾಂ. ನೋಡಲು ಅಣ್ಣ ತಮ್ಮಂದಿರಂತಿದ್ದರೂ ಇವಕ್ಕೆ ಸಂಬಂಧವೇ ಇಲ್ಲ. ಚಿನ್ನದ ಅಂತರರಾಷ್ಟ್ರೀಯ ದರವನ್ನು ಹೇಳುವ ಟ್ರಾಯ್ ಔನ್ಸ್ ಮತ್ತೂ ಬೇರೆ, 31.1035 ಗ್ರಾಂ. ಹಳೆಯ ತೊಲ 11.66 ಗ್ರಾಂ, ಈಗ ಅಂಗಡಿಗಳಲ್ಲಿ ಹಲವರು 10 ಗ್ರಾಂಗೇ ತೊಲ ಅನ್ನುತ್ತಾರೆ. ಹಟ್ಟಿಯ ಚಿನ್ನದ ಸುದ್ದಿ ಓದಿ ಲೆಕ್ಕ ಹಾಕುವಾಗ ಯಾವ ಔನ್ಸ್, ಯಾವ ತೊಲ ಎಂದು ಮೊದಲು ಕೇಳಿಕೊಳ್ಳಿ.

ಹಂತ 1: ಅಳೆಯುತ್ತಿರುವುದು ಏನನ್ನು ಎಂದು ಹೆಸರಿಡಿ

ಏಕಮಾನ ಬದಲಿಸುವ ಮೊದಲು ಪರಿಮಾಣದ ಹೆಸರನ್ನು ಬರೆಯಿರಿ. ಪರಿಮಾಣ ಎಂದರೆ ಅಳೆಯಲು ಬರುವ ಗುಣ: ಉದ್ದ, ಗಾತ್ರ, ಒತ್ತಡ, ಶಕ್ತಿ ಇತ್ಯಾದಿ.

ಟಿಎಂಸಿ ನೀರಿನ ಗಾತ್ರ. ಥೌಸಂಡ್ ಮಿಲಿಯನ್ ಕ್ಯೂಬಿಕ್ ಫೀಟ್, ಅಂದರೆ 100 ಕೋಟಿ ಘನ ಅಡಿ. ಕ್ಯೂಸೆಕ್ ನೀರಿನ ಹರಿವು, ಸೆಕೆಂಡಿಗೆ ಒಂದು ಘನ ಅಡಿ. ಗಾತ್ರ ಮತ್ತು ಹರಿವಿನ ನಡುವೆ ಕಾಲ ಕೂತಿದೆ. ಎಷ್ಟು ಹೊತ್ತು ಹರಿಯಿತು ಎಂದು ಹೇಳದೆ ಕ್ಯೂಸೆಕ್ಕನ್ನು ಟಿಎಂಸಿ ಮಾಡಲು ಯಾರಿಂದಲೂ ಆಗದು.

ಮುನಿರಾಬಾದ್ ಬಳಿಯ ತುಂಗಭದ್ರಾ ಜಲಾಶಯದ ಮಟ್ಟ 1,633 ಅಡಿ ಮುಟ್ಟಿದರೆ ಡ್ಯಾಮ್ ತುಂಬಿತು ಎನ್ನುತ್ತೇವೆ. ಅದು ನೀರಿನ ಆಳ ಅಲ್ಲ, ಸಮುದ್ರ ಮಟ್ಟದಿಂದ ನೀರಿನ ಮೇಲ್ಮೈಗೆ ಇರುವ ಎತ್ತರ, ಮೀಟರಿನಲ್ಲಿ 497.7. ಇದನ್ನೇ ಆಳ ಎಂದುಕೊಂಡು ತಳದ ಒತ್ತಡ ಲೆಕ್ಕ ಹಾಕಿದರೆ ಯಾವ ಗೋಡೆಯೂ ತಾಳಲಾರದ ಅಂಕಿ ಬರುತ್ತದೆ.

ವಿದ್ಯುತ್ತಿನಲ್ಲೂ ಇದೇ ಪಾಡು. ಮೆಗಾವಾಟ್ ಸಾಮರ್ಥ್ಯ (ಶಕ್ತಿ ಖರ್ಚಾಗುವ ಅಥವಾ ಹುಟ್ಟುವ ದರ), ಯೂನಿಟ್ ಶಕ್ತಿ. ಶಕ್ತಿನಗರದ ರಾಯಚೂರು ಶಾಖೋತ್ಪನ್ನ ಕೇಂದ್ರದ ಸ್ಥಾಪಿತ ಸಾಮರ್ಥ್ಯ 1,720 ಮೆಗಾವಾಟ್. ಎಲ್ಲ ಘಟಕಗಳೂ ದಿನವಿಡೀ ಪೂರ್ತಿ ಓಡಿದವು ಅಂದುಕೊಳ್ಳಿ: 1,720 × 24 = 41,280 ಮೆಗಾವಾಟ್-ಗಂಟೆ, ಅಂದರೆ 4.128 ಕೋಟಿ ಯೂನಿಟ್. "ಗಂಟೆಗೆ 1,720 ಮೆಗಾವಾಟ್" ಎಂಬ ಬರವಣಿಗೆ ಆಗಾಗ ಕಣ್ಣಿಗೆ ಬೀಳುತ್ತದೆ, ಅದಕ್ಕೆ ಅರ್ಥವಿಲ್ಲ. ವಾಟ್ ಎಂಬುದರೊಳಗೇ "ಸೆಕೆಂಡಿಗೆ ಒಂದು ಜೂಲ್" ಇರುವಾಗ ಮತ್ತೆ "ಗಂಟೆಗೆ" ಎಂದರೆ ಕಾಲದಿಂದ ಎರಡು ಸಲ ಭಾಗಿಸಿದಂತಾಗುತ್ತದೆ.

ಬೋರ್‌ವೆಲ್ ವಿಷಯದಲ್ಲಿ "ಎರಡಿಂಚು ನೀರು ಬಿತ್ತು" ಅನ್ನುವುದುಂಟು. ಅಳೆದದ್ದು 90 ಡಿಗ್ರಿ ವಿ ಆಕಾರದ ಕಚ್ಚು ಹಾಕಿದ ತಗಡಿನಲ್ಲಾದರೆ, ಆ ಇಂಚು ಕಚ್ಚಿನ ತುದಿಯಿಂದ ಮೇಲಕ್ಕೆ ನಿಂತ ನೀರಿನ ಎತ್ತರ. ಹರಿವು ಈ ಎತ್ತರದ ಎರಡೂವರೆ ಘಾತದಂತೆ ಏರುತ್ತದೆ. ಎರಡಿಂಚಿಗೆ ಸೆಕೆಂಡಿಗೆ ಸುಮಾರು 0.8 ಲೀಟರ್ ಬಂದರೆ ನಾಲ್ಕಿಂಚಿಗೆ 1.6 ಅಲ್ಲ, ಸುಮಾರು 4.5 ಲೀಟರ್. ಉದ್ದದ ಹೆಸರು ಹೊತ್ತು ಹರಿವನ್ನು ಹೇಳುವ ಈ ಇಂಚನ್ನು ನೇರವಾಗಿ ಕೂಡಿಸಲೂ ಬಾರದು, ಗುಣಿಸಲೂ ಬಾರದು.

ಹಂತ 2: ಯಾವ ಪದ್ಧತಿಯಲ್ಲಿದ್ದೀರಿ ಎಂದು ನೋಡಿ

ನಿಮ್ಮ ಎದುರು ಬರುವ ಪದ್ಧತಿಗಳು ನಾಲ್ಕು. ಅಡಿ–ಪೌಂಡ್–ಸೆಕೆಂಡಿನ ಎಫ್‌ಪಿಎಸ್, ಸೆಂಟಿಮೀಟರ್–ಗ್ರಾಂ–ಸೆಕೆಂಡಿನ ಸಿಜಿಎಸ್, ಮೀಟರ್–ಕಿಲೋಗ್ರಾಂ–ಸೆಕೆಂಡಿನ ಎಂಕೆಎಸ್, ಅದನ್ನೇ ಬೆಳೆಸಿ 1960ರಲ್ಲಿ ಅಂತರರಾಷ್ಟ್ರೀಯ ತೂಕ ಅಳತೆಗಳ ಮಹಾಸಭೆ ಒಪ್ಪಿದ ಎಸ್‌ಐ. ಎಸ್‌ಐನ ಮೂಲ ಏಕಮಾನಗಳು ಏಳು: ಮೀಟರ್, ಕಿಲೋಗ್ರಾಂ, ಸೆಕೆಂಡ್, ಆಂಪಿಯರ್, ಕೆಲ್ವಿನ್, ಮೋಲ್, ಕ್ಯಾಂಡೆಲಾ. ಇವುಗಳಲ್ಲಿ ಮೋಲ್ ಸೇರಿದ್ದು 1971ರಲ್ಲಿ. ನ್ಯೂಟನ್, ಜೂಲ್, ವಾಟ್, ಪಾಸ್ಕಲ್ ಎಲ್ಲ ಇವುಗಳಿಂದ ಹುಟ್ಟಿದವು.

2019ರ ಮೇ 20ರಿಂದ ಕಿಲೋಗ್ರಾಂ ಎಂದರೆ ಫ್ರಾನ್ಸಿನಲ್ಲಿಟ್ಟ ಪ್ಲಾಟಿನಂ–ಇರಿಡಿಯಂ ಗುಂಡಲ್ಲ; ಪ್ಲ್ಯಾಂಕ್ ಸ್ಥಿರಾಂಕವನ್ನು 6.62607015 × 10⁻³⁴ ಜೂಲ್-ಸೆಕೆಂಡ್ ಎಂದು ನಿಗದಿ ಮಾಡಿ ಅದರಿಂದ ಪಡೆದದ್ದು. ಪರೀಕ್ಷೆಗೆ ಇದು ಬೇಕು, ಭತ್ತದ ಚೀಲ ತೂಗಲು ಬೇಡ.

ಒಂದೇ ಲೆಕ್ಕದಲ್ಲಿ ಎರಡು ಪದ್ಧತಿ ಬೆರೆಸಿದರೆ ಏನಾಗುತ್ತದೆ ಎಂಬುದಕ್ಕೆ 1999ರಲ್ಲಿ ನಾಸಾ ಕಳೆದುಕೊಂಡ ಮಂಗಳದ ನೌಕೆ ಸಾಕ್ಷಿ. ಒಂದು ಕಡೆಯ ತಂತ್ರಾಂಶ ಪೌಂಡ್-ಬಲ-ಸೆಕೆಂಡಿನಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ನ್ಯೂಟನ್-ಸೆಕೆಂಡ್ ಎಂದು ಓದಿತು. ವ್ಯತ್ಯಾಸ 4.45 ಪಟ್ಟು. ನಮ್ಮ ಲೆಕ್ಕದಲ್ಲಿ ಇಂಥ ತಪ್ಪು ನುಸುಳಬಾರದೆಂದರೆ ದತ್ತ ಅಂಕಿಗಳನ್ನೆಲ್ಲ ಮೊದಲೇ ಒಂದೇ ಪದ್ಧತಿಗೆ ತನ್ನಿ, ಸೂತ್ರಕ್ಕೆ ಹಾಕುವುದು ಆಮೇಲೆ. ಹಾಕಿದ ಮೇಲೆ ಬದಲಿಸೋಣ ಎನ್ನುವವರು ಒಂದನ್ನು ಮರೆತೇ ಮರೆಯುತ್ತಾರೆ.

ಹಂತ 3: ಒಂದರಿಂದ ಗುಣಿಸಿ

ಏಕಮಾನ ಬದಲಾವಣೆಯಲ್ಲಿ "ಗುಣಿಸಬೇಕೋ ಭಾಗಿಸಬೇಕೋ" ಎಂಬ ಅನುಮಾನಕ್ಕೆ ಜಾಗವೇ ಬೇಡ. 1 ದಿನ ಮತ್ತು 86,400 ಸೆಕೆಂಡ್ ಒಂದೇ ಆದ್ದರಿಂದ (86,400 ಸೆಕೆಂಡ್ ÷ 1 ದಿನ) ಎಂಬ ಭಿನ್ನರಾಶಿಯ ಬೆಲೆ 1. ಒಂದರಿಂದ ಗುಣಿಸಿದರೆ ಪರಿಮಾಣ ಬದಲಾಗದು, ಉಡುಪು ಮಾತ್ರ ಬದಲಾಗುತ್ತದೆ. ಬೇಡದ ಏಕಮಾನ ಮೇಲಿದ್ದರೆ ಭಿನ್ನರಾಶಿಯಲ್ಲಿ ಅದನ್ನು ಕೆಳಗೆ ಇಡಿ, ಕೆಳಗಿದ್ದರೆ ಮೇಲೆ. ಹೊಡೆದು ಹಾಕುತ್ತ ಹೋಗಿ.

ಕಾಲುವೆಗೆ 4,000 ಕ್ಯೂಸೆಕ್‌ನಂತೆ 30 ದಿನ ನೀರು ಬಿಟ್ಟರು ಅಂದುಕೊಳ್ಳಿ.

4,000 ಘನ ಅಡಿ/ಸೆಕೆಂಡ್ × 86,400 ಸೆಕೆಂಡ್/ದಿನ × 30 ದಿನ

ಸೆಕೆಂಡಿಗೆ ಸೆಕೆಂಡ್ ಹೋಯಿತು, ದಿನಕ್ಕೆ ದಿನ ಹೋಯಿತು, ಉಳಿದದ್ದು ಘನ ಅಡಿ: 1,036.8 ಕೋಟಿ ಘನ ಅಡಿ. ಇದಕ್ಕೆ (1 ಟಿಎಂಸಿ ÷ 100 ಕೋಟಿ ಘನ ಅಡಿ) ಎಂಬ ಒಂದನ್ನು ಗುಣಿಸಿ. 10.368 ಟಿಎಂಸಿ. ಘನ ಮೀಟರ್ ಬೇಕೆಂದರೆ ಟಿಎಂಸಿಗೆ 2.83168 ಕೋಟಿ ಘನ ಮೀಟರಿನಂತೆ ಸುಮಾರು 29.4 ಕೋಟಿ ಘನ ಮೀಟರ್.

ನೆನಪಿಗೆ ಒಂದು ಅಂಕಿ ಇಟ್ಟುಕೊಳ್ಳಿ: ದಿನವಿಡೀ 11,574 ಕ್ಯೂಸೆಕ್ ಹರಿದರೆ 1 ಟಿಎಂಸಿ. ಪತ್ರಿಕೆಯಲ್ಲಿ ಒಳಹರಿವು ನೋಡಿದಾಗ 11,574ರಿಂದ ಭಾಗಿಸಿದರೆ ಅಂದಿನ ಟಿಎಂಸಿ ಬಾಯಲ್ಲೇ ಬರುತ್ತದೆ.

ಇಲ್ಲಿ ಎಡವುವುದು ಮಿಲಿಯನ್–ಕೋಟಿಯ ನಡುವೆ. 1 ಮಿಲಿಯನ್ 10 ಲಕ್ಷ, 1 ಬಿಲಿಯನ್ 100 ಕೋಟಿ. ತುಂಗಭದ್ರಾ ಜಲಾಶಯದ 105.788 ಟಿಎಂಸಿ ಸಂಗ್ರಹ ಎಂದರೆ 2,996 ಮಿಲಿಯನ್ ಘನ ಮೀಟರ್, ಅಂದರೆ 299.6 ಕೋಟಿ, 2,996 ಕೋಟಿ ಅಲ್ಲ. ಅನುಮಾನ ಬಂದರೆ ಎರಡನ್ನೂ ಬಿಟ್ಟು 10ರ ಘಾತದಲ್ಲಿ ಬರೆಯಿರಿ.

ಹಂತ 4: ವರ್ಗಕ್ಕೆ ವರ್ಗ, ಘನಕ್ಕೆ ಘನ

1 ಅಡಿ 0.3048 ಮೀಟರ್ ಆದರೆ 1 ಚದರ ಅಡಿ 0.3048² = 0.0929 ಚದರ ಮೀಟರ್, 1 ಘನ ಅಡಿ 0.3048³ = 0.02832 ಘನ ಮೀಟರ್. ಗುಣಕವನ್ನು ಒಂದೇ ಸಲ ಹಾಕಿ ಮುಂದೆ ಹೋಗುವುದು ಪಿಯುಸಿ ಉತ್ತರಪತ್ರಿಕೆಗಳಲ್ಲಿ ತೀರ ಸಾಮಾನ್ಯ.

ಪಹಣಿ ನೋಡಿ ಲೆಕ್ಕ ಹಾಕುವವರಿಗೆ ಬೇರೆಯೇ ಗುಂಡಿ ಇದೆ. ವಿಸ್ತೀರ್ಣದ ಕಾಲಂನಲ್ಲಿ 3.20 ಎಂದಿದ್ದರೆ ಅದು 3 ಎಕರೆ 20 ಗುಂಟೆ. ಆ ಚುಕ್ಕೆ ದಶಮಾಂಶ ಬಿಂದುವಲ್ಲ. ಕ್ಯಾಲ್ಕುಲೇಟರಿಗೆ 3.20 ಎಂದೇ ಒತ್ತಿದರೆ 12 ಗುಂಟೆ ಕಾಣೆಯಾಗುತ್ತದೆ, ಏಕೆಂದರೆ 20 ಗುಂಟೆ ಎಂದರೆ ಅರ್ಧ ಎಕರೆ. ಸರಿಯಾದ ದಾರಿ: ಗುಂಟೆಯನ್ನು 40ರಿಂದ ಭಾಗಿಸಿ ಎಕರೆಗೆ ಕೂಡಿಸಿ, 3.5 ಎಕರೆ, ಅಥವಾ ಎಲ್ಲವನ್ನೂ ಗುಂಟೆ ಮಾಡಿ, 140 ಗುಂಟೆ. ಚದರ ಮೀಟರಿನಲ್ಲಿ 14,164. ಈ ಹೊಲಕ್ಕೆ 10 ಮಿಲಿಮೀಟರ್ ಮಳೆ ಬಿದ್ದರೆ 14,164 × 0.010 = 141.6 ಘನ ಮೀಟರ್, 1.4 ಲಕ್ಷ ಲೀಟರಿಗೂ ತುಸು ಹೆಚ್ಚು. ಮಿಲಿಮೀಟರನ್ನು ಮೀಟರ್ ಮಾಡಿದ್ದು ಗಮನಿಸಿದಿರಲ್ಲ.

ಹಂತ 5: ಈ ಕೆ.ಜಿ. ರಾಶಿಯೋ ಬಲವೋ?

9.8 ಪಟ್ಟು ತಪ್ಪುವವರೆಲ್ಲ ಇಲ್ಲಿಯವರು. ಕೆ.ಜಿ. ಎಂಬುದು ರಾಶಿಯ ಏಕಮಾನ, ಅಂದರೆ ವಸ್ತುವಿನಲ್ಲಿರುವ ದ್ರವ್ಯದ ಪ್ರಮಾಣ. ಭೂಮಿ ಅದನ್ನು ಎಳೆಯುವ ಬಲ ನ್ಯೂಟನ್‌ನಲ್ಲಿ. ಆದರೆ ಕಾರ್ಖಾನೆಯ ಮಾಪಕಗಳು ಕೆ.ಜಿ.ಯನ್ನೇ ಬಲವೆಂದು ಎಣಿಸುವ ಹಳೆಯ ರೂಢಿಯನ್ನು ಬಿಟ್ಟಿಲ್ಲ. ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಯ ಬಾಯ್ಲರ್ ಮಾಪಕ 7 ಕೆ.ಜಿ./ಚದರ ಸೆಂಟಿಮೀಟರ್ ತೋರಿಸಿದರೆ ಅದು ಬಲ ಭಾಗಿಸು ವಿಸ್ತೀರ್ಣ. 1 ಕೆ.ಜಿ./ಚದರ ಸೆಂ.ಮೀ. = 98.0665 ಕಿಲೋಪಾಸ್ಕಲ್. ಹಾಗಾಗಿ 7 × 98.0665 = 686.5 ಕಿಲೋಪಾಸ್ಕಲ್. ಇದರ ಮೇಲೆ ಹೊರಗಿನ ಗಾಳಿಯ ಒತ್ತಡ ಸುಮಾರು 101 ಇದ್ದೇ ಇದೆ. ಮಾಪಕ ಅದನ್ನು ಸೊನ್ನೆ ಎಂದು ಹಿಡಿದಿರುತ್ತದೆ. ಉಗಿಯ ಕೋಷ್ಟಕ ನೋಡಲು ಬೇಕಾದ್ದು ಎರಡರ ಮೊತ್ತ.

ಈಗ ಪಂಪಿನ ಲೆಕ್ಕವನ್ನು ಬಿಡಿಸಿ ನೋಡೋಣ. 5 ಎಚ್‌ಪಿ ಮೋಟರ್, ನೀರು ಎತ್ತಬೇಕಾದ ಒಟ್ಟು ಎತ್ತರ 164 ಅಡಿ, ಎತ್ತುವ ಕೆಲಸಕ್ಕೆ ನಿಜವಾಗಿ ದಕ್ಕುವುದು ಮೋಟರ್ ಕೊಡುವುದರ ಅರ್ಧ ಎಂದಿಟ್ಟುಕೊಳ್ಳಿ.

ಮೊದಲು ಏಕಮಾನ: 5 × 745.7 = 3,728 ವಾಟ್ (ತಗಡಿನ ಮೇಲಿನ 3.7 ಕಿಲೋವಾಟ್ ಇದೇ, ಎರಡೂ ಖರೆ). ಅರ್ಧ, 1,864 ವಾಟ್. 164 ಅಡಿ, 50 ಮೀಟರ್.
ಸೂತ್ರ: ಸಾಮರ್ಥ್ಯ = ಸಾಂದ್ರತೆ × ಗುರುತ್ವ ವೇಗೋತ್ಕರ್ಷ × ಎತ್ತರ × ಹರಿವು.
ಹರಿವು = 1,864 ÷ (1,000 × 9.8 × 50) = 0.0038 ಘನ ಮೀಟರ್/ಸೆಕೆಂಡ್, ಅಂದರೆ ಸೆಕೆಂಡಿಗೆ 3.8 ಲೀಟರ್.

ಎತ್ತರವನ್ನು ಅಡಿಯಲ್ಲೇ ಬಿಟ್ಟು 164 ಹಾಕಿದರೆ 1.16 ಲೀಟರ್ ಬಂದು, ಪಂಪ್ ಕೆಟ್ಟಿದೆ ಎಂದು ಮೆಕ್ಯಾನಿಕ್‌ನನ್ನು ಕರೆಯುತ್ತೀರಿ. 9.8 ಬಿಟ್ಟರೆ 37 ಲೀಟರ್ ಬರುತ್ತದೆ, ಆಗ ಅಂಗಡಿಯವನ ಜೊತೆ ಜಗಳ. ಎಚ್‌ಪಿಯಲ್ಲೂ ಎರಡು ಜಾತಿ ಇವೆ: 745.7 ವಾಟ್‌ನದು, ಮೆಟ್ರಿಕ್ ಎಂಬ 735.5 ವಾಟ್‌ನದು. ಶೇಕಡಾ ಒಂದೂವರೆಗಿಂತ ಕಡಿಮೆ ವ್ಯತ್ಯಾಸ. ಹೊಲಕ್ಕೆ ನಡೆಯುತ್ತದೆ, ಪ್ರಯೋಗಶಾಲೆಗೆ ನಡೆಯದು.

ಹಂತ 6: ಸೊನ್ನೆ ಎಲ್ಲಿದೆ ಎಂದು ಕೇಳಿ

ಉಳಿದೆಲ್ಲ ಕಡೆ ಗುಣಿಸಿದರೆ ಸಾಕು, ಉಷ್ಣತೆಯಲ್ಲಿ ಸಾಲದು. ಸೆಲ್ಸಿಯಸ್, ಫ್ಯಾರನ್‌ಹೀಟ್, ಕೆಲ್ವಿನ್ ಮೂರರ ಸೊನ್ನೆಯೂ ಬೇರೆ ಬೇರೆ ಜಾಗದಲ್ಲಿದೆ. ರಾಯಚೂರಿನ ಬೇಸಿಗೆಯ 42 ಡಿಗ್ರಿ ಸೆಲ್ಸಿಯಸ್ ಎಂದರೆ 107.6 ಫ್ಯಾರನ್‌ಹೀಟ್, 315.15 ಕೆಲ್ವಿನ್. ಆದರೆ "ನಿನ್ನೆಗಿಂತ 5 ಡಿಗ್ರಿ ಏರಿತು" ಎಂದಾಗ ಅದು ವ್ಯತ್ಯಾಸ: 5 ಕೆಲ್ವಿನ್ ಅಥವಾ 9 ಫ್ಯಾರನ್‌ಹೀಟ್ ಡಿಗ್ರಿ. ಇದಕ್ಕೂ 32 ಕೂಡಿಸಿ 41 ಎನ್ನುವವರಿದ್ದಾರೆ.

ಟೈರಿನ ಉದಾಹರಣೆ ಇದನ್ನು ಚೆನ್ನಾಗಿ ಬಿಡಿಸುತ್ತದೆ. ಬೆಳಗ್ಗೆ 27 ಡಿಗ್ರಿಯಲ್ಲಿ 30 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಬಲ) ಗಾಳಿ ತುಂಬಿಸಿದಿರಿ. ಮಧ್ಯಾಹ್ನ ರಸ್ತೆಯ ಕಾವಿಗೆ ಒಳಗಿನ ಗಾಳಿ 57 ಡಿಗ್ರಿಗೆ ಏರಿತು. ಗಾತ್ರ ಹಾಗೇ ಇದೆ ಎಂದರೆ ಒತ್ತಡ ಎಷ್ಟು? 30 × 57 ÷ 27 ಮಾಡಿದವರಿಗೆ 63 ಬಂದು ಟೈರು ಕಾಗದದ ಮೇಲೆ ಒಡೆಯುತ್ತದೆ. ಸರಿಯಾದ ಲೆಕ್ಕಕ್ಕೆ ಒತ್ತಡದ ಸೊನ್ನೆಯನ್ನೂ ಉಷ್ಣತೆಯ ಸೊನ್ನೆಯನ್ನೂ ನಿಜವಾದ ಸೊನ್ನೆಗೆ ತರಬೇಕು: (30 + 14.7) × (330 ÷ 300) = 49.2, ಇದರಿಂದ 14.7 ಕಳೆದರೆ 34.5 ಪಿಎಸ್‌ಐ. ಇಲ್ಲಿ 14.7 ಎಂಬುದು ಹೊರಗಿನ ಗಾಳಿಯ ಒತ್ತಡ, 300 ಮತ್ತು 330 ಎಂಬುವು ಕೆಲ್ವಿನ್‌ನಲ್ಲಿ ಬೆಳಗಿನ, ಮಧ್ಯಾಹ್ನದ ಉಷ್ಣತೆ. ಇಲ್ಲಿ ಪಿಎಸ್‌ಐಯನ್ನು ಪಾಸ್ಕಲ್ ಮಾಡುವ ಅಗತ್ಯವೇ ಬೀಳಲಿಲ್ಲ ನೋಡಿ. ಅನುಪಾತದ ಲೆಕ್ಕದಲ್ಲಿ ಏಕಮಾನ ಯಾವುದಾದರೂ ನಡೆಯುತ್ತದೆ, ಸೊನ್ನೆ ಮಾತ್ರ ಸುಳ್ಳಾಗಿರಬಾರದು.

ಹಂತ 7: ಸಿಜಿಎಸ್‌ನ ವಿದ್ಯುತ್ತಿಗೆ ಬಂದಾಗ ಸೂತ್ರವನ್ನೂ ಬದಲಿಸಿ

ಬಲ, ಕೆಲಸದ ತನಕ ಸಿಜಿಎಸ್ ಸುಲಭ: 1 ನ್ಯೂಟನ್ = 10⁵ ಡೈನ್, 1 ಜೂಲ್ = 10⁷ ಅರ್ಗ್. ವಿದ್ಯುತ್ತು, ಕಾಂತತೆಗೆ ಬಂದರೆ ಆಟದ ನಿಯಮವೇ ಬೇರೆ. ಎಸ್‌ಐನಲ್ಲಿ ಆಂಪಿಯರ್ ಸ್ವತಂತ್ರ ಮೂಲ ಏಕಮಾನ. ಸಿಜಿಎಸ್‌ನಲ್ಲಿ ಆವೇಶಕ್ಕೆ (ವಿದ್ಯುದಾವೇಶ) ಸ್ವಂತ ಮೂಲ ಏಕಮಾನವಿಲ್ಲ, ಬಲದ ಸೂತ್ರದಿಂದಲೇ ಅದನ್ನು ಹುಟ್ಟಿಸಿದ್ದಾರೆ. ಅದಕ್ಕೇ ಕೂಲಂಬ್ ನಿಯಮದಲ್ಲಿ ಎಸ್‌ಐಗೆ 8.99 × 10⁹ ಎಂಬ ಸ್ಥಿರಾಂಕ ಬೇಕು, ಸಿಜಿಎಸ್‌ಗೆ ಬೇಡ.

ಎರಡು 1 ಮೈಕ್ರೋಕೂಲಂಬ್ ಆವೇಶಗಳು, ನಡುವೆ 10 ಸೆಂಟಿಮೀಟರ್. ಎಸ್‌ಐನಲ್ಲಿ: 8.99 × 10⁹ × 10⁻⁶ × 10⁻⁶ ÷ 0.1² = 0.899 ನ್ಯೂಟನ್. ಸಿಜಿಎಸ್‌ನಲ್ಲಿ 1 ಕೂಲಂಬ್ = 2.998 × 10⁹ ಸ್ಥಾಯಿ ಏಕಮಾನ (ಸಿಜಿಎಸ್‌ನಲ್ಲಿ ಆವೇಶದ ಏಕಮಾನ), ಹಾಗಾಗಿ ಆವೇಶ 2,998; ಬಲ = 2,998² ÷ 10² = 89,880 ಡೈನ್. ಅದೇ 0.899 ನ್ಯೂಟನ್. ಎಸ್‌ಐ ಅಂಕಿಗಳನ್ನು ಸಿಜಿಎಸ್ ಸೂತ್ರಕ್ಕೆ ತುರುಕಿದರೆ ಉತ್ತರ 900 ಕೋಟಿ ಪಟ್ಟು ಕುಗ್ಗುತ್ತದೆ. ಹಳೆಯ ಪುಸ್ತಕದ ಲೆಕ್ಕ ಬಿಡಿಸುವಾಗ ಅದರ ಸೂತ್ರವನ್ನು ಅದರ ಏಕಮಾನದೊಂದಿಗೇ ಬಳಸಿ, ಕೊನೆಯ ಉತ್ತರವನ್ನಷ್ಟೇ ಬದಲಿಸಿಕೊಳ್ಳಿ. ಕಾಂತಕ್ಷೇತ್ರದ ಏಕಮಾನವಾದ ಗಾಸ್ ಮಾತ್ರ ಸರಳ, 10,000 ಗಾಸ್‌ಗೆ 1 ಟೆಸ್ಲಾ.

ಹಂತ 8: ಆಯಾಮ ಹೊಂದುತ್ತದೆಯೇ?

ಆಯಾಮ ಎಂದರೆ ಪರಿಮಾಣವೊಂದರಲ್ಲಿ ರಾಶಿ, ಉದ್ದ, ಕಾಲ ಎಷ್ಟೆಷ್ಟು ಘಾತದಲ್ಲಿ ಸೇರಿವೆ ಎಂಬ ಲೆಕ್ಕ. ಪಂಪಿನ ಸೂತ್ರದ ಬಲಗಡೆ: ಕೆ.ಜಿ./ಮೀ³ × ಮೀ/ಸೆ² × ಮೀ × ಮೀ³/ಸೆ = ಕೆ.ಜಿ.·ಮೀ²/ಸೆ³, ಅದೇ ವಾಟ್. ಹೊಂದಲಿಲ್ಲವೆಂದರೆ ಸೂತ್ರ ತಪ್ಪು, ಮುಂದೆ ಹೋಗುವುದೇ ಬೇಡ. ಹೊಂದಿತು ಎಂದ ಮಾತ್ರಕ್ಕೆ ಸರಿ ಎಂದೂ ಅಲ್ಲ. ½, 2π ಇಂಥವಕ್ಕೆ ಆಯಾಮವಿಲ್ಲ, ಬಿಟ್ಟುಹೋದರೂ ಗೊತ್ತಾಗದು. ಮೋಟರಿನ ನಿಮಿಷಕ್ಕೆ 1,440 ಸುತ್ತು ಎಂಬುದನ್ನು 60ರಿಂದ ಭಾಗಿಸಿ 24 ಎಂದು ನಿಲ್ಲಿಸಿದರೆ ಅದು ಸೆಕೆಂಡಿಗೆ ಸುತ್ತು; ಸೂತ್ರಕ್ಕೆ ಬೇಕಾದ ರೇಡಿಯನ್ 2π ಗುಣಿಸಿದ 150.8.

ಬರೆಯುವಾಗ ಅಕ್ಷರದ ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ಇಂಗ್ಲಿಷ್ ಸಂಕೇತದಲ್ಲಿ ದೊಡ್ಡ ಎಂ ಮೆಗಾ, ಸಣ್ಣ ಎಂ ಮಿಲಿ. ವಾಟ್‌ನ ಮುಂದೆ ಇವು ಅದಲು ಬದಲಾದರೆ 100 ಕೋಟಿ ಪಟ್ಟು ವ್ಯತ್ಯಾಸ. ದೊಡ್ಡ ಕೆ ಕೆಲ್ವಿನ್, ಸಣ್ಣ ಕೆ ಕಿಲೋ.

ತಪ್ಪು ಎಲ್ಲಿ ಎಂದು ಪಟ್ಟು ನೋಡಿ ಹುಡುಕುವುದು

ಇಷ್ಟಾದರೂ ಉತ್ತರ ಹೊಂದದಿದ್ದರೆ, ನಿಮ್ಮ ಉತ್ತರ ಮತ್ತು ಕೊಟ್ಟ ಉತ್ತರ ಎರಡರಲ್ಲಿ ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ. ಬಂದ ಅಂಕಿಯೇ ದಾರಿ ತೋರಿಸುತ್ತದೆ.

9.8 ಬಂದರೆ ರಾಶಿ–ಬಲ ಬೆರೆತಿದೆ.
3.6 ಬಂದರೆ ಗಂಟೆಗೆ ಕಿಲೋಮೀಟರನ್ನು ಸೆಕೆಂಡಿಗೆ ಮೀಟರ್ ಮಾಡಿಲ್ಲ. ವೇಗದ ವರ್ಗ ಬರುವ ಸೂತ್ರದಲ್ಲಿ ಇದೇ 12.96 ಆಗಿ ಕಾಣುತ್ತದೆ.
3.28 ಅಡಿ–ಮೀಟರ್, 10.76 ಚದರ ಅಡಿ, 35.3 ಘನ ಅಡಿ.
6.28 ಬಂದರೆ 2π ಬಿಟ್ಟಿದ್ದೀರಿ.
57.3 ಬಂದರೆ ಡಿಗ್ರಿ–ರೇಡಿಯನ್.
1,000 ಬಂದರೆ ಗ್ರಾಂ–ಕೆ.ಜಿ., ಲೀಟರ್–ಘನ ಮೀಟರ್, ಇಲ್ಲವೇ ನೀರಿನ ಸಾಂದ್ರತೆಯನ್ನು 1 ಎಂದು ಹಾಕಿದ್ದೀರಿ.
36 ಲಕ್ಷ ಬಂದರೆ ಯೂನಿಟ್–ಜೂಲ್.
1 ಕೋಟಿ ಬಂದರೆ ಅರ್ಗ್–ಜೂಲ್.
1.1ರ ಆಸುಪಾಸಿನ ವಿಚಿತ್ರ ಅಂಕಿ ಪಹಣಿಯ ಲೆಕ್ಕದಲ್ಲಿ ಬಂದರೆ ಚುಕ್ಕೆಯ ಆಚೆ ಇರುವ ಗುಂಟೆಯನ್ನು ಮತ್ತೊಮ್ಮೆ ನೋಡಿ.